ಆಲಿವ್ ಇಲ್ಲದ ನಾಡಿನ ಗಂಜಿ

ಸ್ಫಾಕ್ಸ್, ಸೆಪ್ಟೆಂಬರ್ 14

ದುರ್ಸಾಫ್‌ಗೆ,

"ಇದನ್ನು ಉಂಡವರು ಮೂರು ದಿನ ಚಳಿಯನ್ನು ಮರೆಯುತ್ತಾರೆ." ಸಾಲು ಹೀಗೇ ಇತ್ತೆ? ಅಥವಾ ಮರೆಯುವುದು ಚಳಿಯೋ, ಉಂಡವರನ್ನು? ರಂಜಾನ್ ಹಬ್ಬದ ದಿನ ನೀನು ಅಡುಗೆಮನೆಯ ಬಾಗಿಲಿಗೆ ಒರಗಿ, ಫೋನಿನಲ್ಲಿ ನೋಡಿಕೊಂಡು ಅದನ್ನು ಓದಿದ್ದೆ. ನಾನು ಹಬ್ಬದ ಉಪ್ಪುಮೀನಿಗೆಂದು ಈರುಳ್ಳಿ, ಒಣದ್ರಾಕ್ಷಿ ಬೇಯಿಸುತ್ತಿದ್ದೆ. ಅರ್ಧ ಕಿವಿ ಮಾತ್ರ ಕೊಟ್ಟಿದ್ದೆ. ಕೇಳದೆ ಬಿಟ್ಟ ಆ ಅರ್ಧ ಐದು ತಿಂಗಳಿಂದ ನನ್ನ ಬೆನ್ನು ಹತ್ತಿದೆ. ಇಪ್ಪತ್ಮೂರು ವರ್ಷದಿಂದ ಹಳೆಯ ಕಾವ್ಯ ಪಾಠ ಮಾಡುತ್ತಿರುವವಳು ಒಂದು ವಿಡಿಯೋ ಗೇಮಿನ ಸಾಲಿಗೆ ಹೀಗೆ ಸಿಕ್ಕಿಬೀಳುತ್ತೇನೆಂದು ನೆನೆಸಿರಲಿಲ್ಲ.

ಉಂಡವರು ಚಳಿಯನ್ನು ಮರೆಯುತ್ತಾರೆ ಎಂದರೆ ಸಾಮಾನ್ಯ ಮಾತು, ಯಾವ ಬಿಸಿ ಸಾರಿನ ಬಗೆಗೂ ಹೇಳಬಹುದು. ಚಳಿಯೇ ಅವರನ್ನು ಮರೆಯುತ್ತದೆ ಎಂದಿದ್ದರೆ, ಅದನ್ನು ಬರೆದವನು ಚಳಿಯಲ್ಲಿ ನಿಂತು ಬಂದವನು. ಯಾವುದು?

ಇದಿಷ್ಟನ್ನೇ ಕೇಳಲು ಬರೆದಿದ್ದೇನೆ. ಅಂದು ನೆಂಟರ ಎದುರು ನಾನು ಹಾಕಿದ ಆಣೆಯ ಬಗ್ಗೆ ಬರೆಯುತ್ತಿಲ್ಲ. ನೀನು ಆಟದಿಂದ ಎತ್ತಿ ತಂದ ಯಾವ ಅಡುಗೆಯೂ ನನ್ನ ಬಾಯಿಗೆ ಸೇರುವುದಿಲ್ಲ ಎಂದು ದೇವರ ಹೆಸರಿನಲ್ಲಿ ಹೇಳಿದೆ. ಹೇಳಿದ್ದು ಹೇಳಿದಂತೆ ಇದೆ. ಫೋನ್ ಮಾಡಿದರೆ ನಮ್ಮಿಬ್ಬರ ದನಿಯೂ ಏರುತ್ತದೆ, ಅದಕ್ಕೇ ಕಾಗದ. ತೂನಿಸ್‌ಗೆ ಹೋಗುವ ಬಾಡಿಗೆ ವ್ಯಾನಿನ ಬಶೀರ್ ತಂದುಕೊಡುತ್ತಾನೆ. ಅವನ ಕೈಯಲ್ಲೇ ಉತ್ತರ ಕಳಿಸಬಹುದು. ಕಳಿಸಲೇಬೇಕೆಂದಿಲ್ಲ.

ನಿನ್ನ ತಾಯಿ,
ಜಲೀಲಾ


ತೂನಿಸ್, ಸೆಪ್ಟೆಂಬರ್ 22

ಅಮ್ಮನಿಗೆ,

ಸಾಲು ಇದು: "ಕಪ್ಪಗೆ, ಸಿಹಿಯಾಗಿ, ಹೊಗೆಯಲ್ಲಿ ಮಲಗಿ ಎದ್ದದ್ದು. ಉಂಡವರನ್ನು ಚಳಿ ಮೂರು ದಿನ ಮರೆಯುತ್ತದೆ." ಮರೆಯುವುದು ಚಳಿ. ನೀನು ಸರಿಯಾಗಿಯೇ ಅನುಮಾನಪಟ್ಟಿದ್ದೀ.

ಆಟದಲ್ಲಿ ಉಪ್ಪಿನ ವ್ಯಾಪಾರಿಗಳು ಒಂದು ಬೆಟ್ಟದ ನಾಡನ್ನು ದಾಟುತ್ತಾರೆ. ಗಡಿಯಲ್ಲಿ ಕಾವಲಿನ ಹೆಂಗಸೊಬ್ಬಳು ಮಾತಾಡದೆ ಒಂದು ಬೋಗುಣಿ ಕೊಡುತ್ತಾಳೆ. ಅದೇ ಗಡಿಕಾವಲಿನ ಗಂಜಿ. ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಕಾಣುತ್ತದೆ. ಮಾಡುವ ಬಗೆಯನ್ನು ಆಟದಲ್ಲಿ ಎಲ್ಲೂ ಹೇಳಿಲ್ಲ. ಆಟಗಳ ಅಡುಗೆ ಬಡಿಸುವ ನನ್ನ ಊಟದ ಅಂಗಡಿಗೆ ಬರುವವರೆಲ್ಲ ಅದನ್ನು ಆಟದೊಳಗೆ ನೂರು ಸಲ ಉಂಡವರು, ಒಂದು ಸಲವೂ ರುಚಿ ನೋಡದವರು.

ಬೇರೆಯವರು ಇದನ್ನು ಮಾಡಿದ್ದಾರೆ. ಕಪ್ಪು ಬರಲಿ ಎಂದು ಬೊಂಡಾಸ್ ಮೀನು ಉಗುಳುವ ಕರಿ ಮಸಿ ಸುರಿಯುತ್ತಾರೆ, ಬೆಚ್ಚಗಾಗಲಿ ಎಂದು ಮೆಣಸಿನಕಾಯಿ. ನನ್ನ ಅಡುಗೆಮನೆಯಲ್ಲಿ ಅದು ನಡೆಯುವುದಿಲ್ಲ. ಆಟದ ನಾಡಿನಲ್ಲಿ ಏನು ಬೆಳೆಯುತ್ತದೋ, ಏನು ಮೇಯುತ್ತದೋ, ಈಜುತ್ತದೋ, ಅದಷ್ಟೇ ಪಾತ್ರೆಗೆ ಇಳಿಯಬೇಕು. ಆ ನಾಡನ್ನು ನೋಟ್‌ಬುಕ್ ಹಿಡಿದು ಮೂಲೆ ಮೂಲೆ ನಡೆದಿದ್ದೇನೆ. ಅಲ್ಲಿನ ಕಡಲಿನಲ್ಲಿ ಬೊಂಡಾಸ್ ಇಲ್ಲ. ಜವೆಗೋಧಿ ಇದೆ, ಕುರಿ ಇದೆ, ಅಂಜೂರ ಇದೆ, ಬೆಳ್ಳಗಿನ ಸಣ್ಣ ಮೀನಿದೆ. ಮೆಣಸಿನಕಾಯಿ, ಜೀರಿಗೆ, ಟೊಮೆಟೊ, ಈರುಳ್ಳಿ ಇಲ್ಲ. ಆಲಿವ್ ಕೂಡ ಇಲ್ಲ.

ಹಬ್ಬಕ್ಕೆ ತಂದಿದ್ದು ಏಳನೆಯ ಪ್ರಯತ್ನ. ಈಗ ಹತ್ತೊಂಬತ್ತರಲ್ಲಿದ್ದೇನೆ. ಮೀನಿಗೆ ಹಿಡಿಸುವ ಹೊಗೆ ಸರಿ ಬರುತ್ತಿಲ್ಲ.

ಅಂಗಳದ ಅಂಜೂರದ ಮರವನ್ನು ಈ ವರ್ಷ ಸವರಿಸಿದೆಯಾ? ಸುಮ್ಮನೆ ಕೇಳಿದೆ.

ದುರ್ಸಾಫ್


ಸ್ಫಾಕ್ಸ್, ಅಕ್ಟೋಬರ್ 5

ಮಗಳೇ,

ಈ ಕಾಗದದ ಜೊತೆಗೆ ಎರಡು ಕಟ್ಟು ಅಂಜೂರದ ಕೊಂಬೆ ಇದೆ. ಹಳೆಯದನ್ನು ಸವರಿಸಿ ಅಟ್ಟದ ಮೇಲೆ ಒಣಗಲು ಹಾಕಿದ್ದೆ. ನಿನ್ನೆ ಸಂಜೆ ವ್ಯಾನಿನ ಮೇಲೆ ಕಟ್ಟುವಾಗ ಬಶೀರ್ ಕೊಂಬೆಯನ್ನೂ ನನ್ನನ್ನೂ ಬಾರಿ ಬಾರಿ ನೋಡಿದ. "ಟೀಚರಮ್ಮ, ಜನ ಮಕ್ಕಳಿಗೆ ಮೀನು ಕಳಿಸ್ತಾರೆ, ಎಣ್ಣೆ ಕಳಿಸ್ತಾರೆ. ತೂನಿಸ್‌ಗೆ ಸೌದೆ ಕಳಿಸೋರನ್ನ ಇವತ್ತೇ ಕಂಡಿದ್ದು" ಎಂದ. ಓದಿಗೆ ಬೇಕು ಎಂದೆ. ಸುಳ್ಳು ಹೇಳಿದೆ ಎಂದು ಆಗ ಅನಿಸಿತ್ತು. ಮನೆಗೆ ನಡೆದು ಬರುವಷ್ಟರಲ್ಲಿ ಹಾಗೆ ಅನಿಸಲಿಲ್ಲ.

ನಿನ್ನ ಪಟ್ಟಿಯನ್ನು ಮತ್ತೆ ಮತ್ತೆ ಓದಿದೆ. ಆಲಿವ್ ಇಲ್ಲ ಎಂಬಲ್ಲಿ ಪ್ರತಿ ಸಲವೂ ನಿಂತೆ. ನಮ್ಮ ಊರಿನ ಸುತ್ತ ಯಾವ ದಿಕ್ಕಿಗೆ ಹೊರಟರೂ ಗಂಟೆಗಟ್ಟಲೆ ಆ ಮರವಲ್ಲದೆ ಬೇರೆ ಕಾಣುವುದಿಲ್ಲ. ನೀನು ಬಿಟ್ಟು ಹೋದ ಕೆಲಸವೂ ಆಲಿವ್ ಎಣ್ಣೆ ಕಾರ್ಖಾನೆಯ ಪ್ರಯೋಗಾಲಯದ್ದೇ. ಅಂಥವಳು ಆ ಮರವೇ ಇಲ್ಲದ ನಾಡನ್ನು ಹುಡುಕಿಕೊಂಡಳಲ್ಲ ಎಂದು ನಗು ಬಂತು. ಒಬ್ಬಳೇ ನಕ್ಕೆ.

ಇನ್ನೊಂದು ಮಾತು. ಹಳೆಯ ಕವಿತೆಯ ಪದಕ್ಕೆ ಅರ್ಥ ಹೇಳುವಾಗ ಆ ಕವಿ ಕಾಣದ ವಸ್ತುವನ್ನು ಒಳಗೆ ತರಬೇಡಿ, ಅದು ಕಳ್ಳದಾರಿ ಎಂದು ಪ್ರತಿ ವರ್ಷ ಮೊದಲ ವಾರವೇ ತರಗತಿಯಲ್ಲಿ ಹೇಳುತ್ತೇನೆ. ಮರುಭೂಮಿಯ ಕವಿಗೆ ಮಂಜುಗಡ್ಡೆಯ ಹೋಲಿಕೆ ಕಟ್ಟಬೇಡಿ ಎಂದು. ನಿನ್ನ ಪಾತ್ರೆಯ ನಿಯಮವೂ ಅದೇ. ಇದನ್ನು ನಾನು ನಿನಗೆ ಕಲಿಸಿದ ನೆನಪಿಲ್ಲ. ಹದಿನಾರು ವರ್ಷದವಳಾಗಿದ್ದಾಗ ನೀನು ಪುಸ್ತಕ ಮುಚ್ಚಿಟ್ಟು ಆಟದ ಮುಂದೆ ಕೂರುತ್ತಿದ್ದೆ, ನಾನು ಗದರುತ್ತಿದ್ದೆ. ನೀನು ಓದುತ್ತಲೇ ಇದ್ದೆ ಎಂದು ನನಗೆ ಗೊತ್ತಾಗಲಿಲ್ಲ.

ಕೊಂಬೆಗಳ ತೊಗಟೆ ತೆಗೆದು ಸುಡು. ತೊಗಟೆಯ ಹೊಗೆ ಕಹಿ.

ನಿನ್ನ ತಾಯಿ,
ಜಲೀಲಾ


ತೂನಿಸ್, ಅಕ್ಟೋಬರ್ 27

ಅಮ್ಮಾ,

ತೊಗಟೆ! ತಿಂಗಳುಗಟ್ಟಲೆ ನನ್ನ ಮೀನು ಕಹಿಯಾಗುತ್ತಿದ್ದದ್ದು ಅದಕ್ಕೆ. ಇಲ್ಲಿಯ ಸೌದೆ ಅಂಗಡಿಯವನಿಗೂ ಅದು ತಿಳಿದಿರಲಿಲ್ಲ.

ಇಪ್ಪತ್ತೆರಡನೆಯ ಗಂಜಿ ಆಯಿತು, ಅಮ್ಮ. ಕಪ್ಪು ಎಲ್ಲಿಂದ ಬಂತು ಗೊತ್ತೇ? ಜವೆಗೋಧಿಯಿಂದಲೇ. ಕಾಫಿ ಬೀಜದ ಬಣ್ಣ ಬರುವವರೆಗೆ ಹುರಿದು ಒಡೆದೆ, ಒಣ ಅಂಜೂರವನ್ನು ಮೂರು ಗಂಟೆ ಕುದಿಸಿ ಪಾಕ ಮಾಡಿ ಅದಕ್ಕೆ ಸೇರಿಸಿದೆ. ಎರಡು ಕಂದು ಸೇರಿ ಕಪ್ಪಾಯಿತು. ಇಷ್ಟು ದಿನ ಬಣ್ಣವನ್ನು ಹೊರಗಿನಿಂದ ತರಲು ಹೋಗಿ ಒದ್ದಾಡುತ್ತಿದ್ದೆ.

ಮೊದಲು ಉಂಡವರು ಬಿಝರ್ತ್‌ನ ಹಲ್ಲಿನ ಡಾಕ್ಟರ್ ಒಬ್ಬರು. ವಯಸ್ಸು ನಲವತ್ತು ದಾಟಿದೆ. ಆ ಆಟವನ್ನು ಮೂರು ಸಲ ಮುಗಿಸಿದವರು, ನನ್ನ ಅಡುಗೆಯಲ್ಲಿ ಸದಾ ತಪ್ಪು ಹುಡುಕುವವರು. ಬೋಗುಣಿ ಖಾಲಿ ಮಾಡಿದರು. ಆಮೇಲೆ, "ಆ ಕಾವಲಿನ ಹೆಂಗಸು ಯಾಕೆ ಬಾಯಿ ಬಿಡಲ್ಲ ಅಂತ ಈಗ ಗೊತ್ತಾಯ್ತು. ಬಾಯ್ತುಂಬ ಇದೇ ಇರತ್ತೆ" ಎಂದರು. ನಾನು ಒಳಗೆ ಹೋಗಿ ಪಾತ್ರೆ ತೊಳೆಯುವವಳ ಕೈ ಹಿಡಿದು ಕುಣಿದೆ.

ಡಿಸೆಂಬರ್ 21ರ ಮಧ್ಯಾಹ್ನ ಈ ಗಂಜಿಯ ಊಟ ಇಟ್ಟಿದ್ದೇನೆ. ನಲವತ್ತು ಜನ ಬರುತ್ತಾರೆ, ಗಾಬೆಸ್‌ನಿಂದ, ಕಾಫ್‌ನಿಂದ, ಎಲ್ಲಿಂದಲೋ. ಎಂಟು ಮೇಜು ಸಾಲದೆ ಗೋಡೆಯ ಪಕ್ಕ ಹಲಗೆ ಹಾಕಿಸುತ್ತಿದ್ದೇನೆ. ಎಲ್ಲ ಕುರ್ಚಿಗೂ ಹೆಸರು ಬರೆದಾಗಿದೆ. ಮೊದಲ ಮೇಜಿನ ಒಂದಕ್ಕೆ ಬರೆದಿಲ್ಲ.

ನಿನ್ನ ಆಣೆ ಬಾಯಿಮಾತಲ್ಲ ಎಂದು ಗೊತ್ತು. ನೀನು ಬಾಯಿಮಾತಿಗೆ ದೇವರ ಹೆಸರು ತರುವವಳಲ್ಲ. ಅದಕ್ಕೇ ಸ್ಪಷ್ಟವಾಗಿ ಬರೆಯುತ್ತೇನೆ: ಬಂದು ಉಣ್ಣದೆ ಕೂರುವುದಾದರೆ ಬರಬೇಡ. ನಲವತ್ತು ಜನ ಉಣ್ಣುವಾಗ ನನ್ನ ತಾಯಿಯ ಬೋಗುಣಿ ಮಾತ್ರ ತುಂಬಿದಂತೆಯೇ ಇರುವುದನ್ನು ನೋಡಲಾರೆ.

ದುರ್ಸಾಫ್


ಸ್ಫಾಕ್ಸ್, ನವೆಂಬರ್ 16

ಮಗಳೇ,

ಉತ್ತರಕ್ಕೆ ಮೂರು ವಾರ ಹಿಡಿಯಿತು. ನಾಲ್ಕು ಸಲ ಬರೆದು ಹರಿದೆ.

ಅಂದು ನಿನ್ನ ಮಾಮ ತೌಫೀಕ್ ಮುಚ್ಚಳ ಎತ್ತಿ, "ಇದೇನಮ್ಮ, ಗೊಂಬೆಗಳ ಊಟಾನಾ?" ಎಂದಾಗ ಎಲ್ಲರೂ ನಕ್ಕರು. ನಿನ್ನ ಮುಖ ನೋಡಿದೆ. ಆ ನಗುವನ್ನು ಹೇಗಾದರೂ ನಿಲ್ಲಿಸಬೇಕಿತ್ತು. ನಿನ್ನ ಪಕ್ಕ ನಿಂತು ನಿಲ್ಲಿಸಬಹುದಿತ್ತು. ಅವರ ಪಕ್ಕ ನಿಂತು, ಅವರಿಗಿಂತ ದೊಡ್ಡ ದನಿ ಮಾಡಿ ನಿಲ್ಲಿಸಿದೆ. ನನ್ನ ಮಗಳನ್ನು ಬೈಯುವ ಹಕ್ಕು ನನ್ನೊಬ್ಬಳದು ಎಂದು ತೋರಿಸಹೊರಟು ಆಣೆಯವರೆಗೆ ಹೋದೆ. ನೀನು ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಧ್ಯಾಹ್ನದ ವ್ಯಾನಿಗೇ ಹೊರಟೆ. ಪಾತ್ರೆ ಇನ್ನೂ ಬಿಸಿಯಿತ್ತು.

ಇದನ್ನು ಬರೆದ ಮೇಲೆ ಉಳಿದದ್ದು ಸುಲಭ. ನಮ್ಮ ಬೀದಿಯ ಮಸೀದಿಯ ಶೇಖ್ ಅವರ ಬಳಿ ಹೋಗಿದ್ದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಆಣೆಗಿಂತ ಒಳ್ಳೆಯದೊಂದು ಎದುರಾದರೆ ಆಣೆ ಬಿಟ್ಟು ಒಳ್ಳೆಯದನ್ನೇ ಮಾಡಬೇಕು, ಬಿಟ್ಟದ್ದಕ್ಕೆ ಹತ್ತು ಮಂದಿ ಬಡವರಿಗೆ ಊಟ ಹಾಕಬೇಕು ಎಂದರು. ಎಂಥ ಊಟ ಎಂದು ಕೇಳಿದೆ. ನಿಮ್ಮ ಮನೆಯವರಿಗೆ ಹಾಕುವಂಥದ್ದು, ತೀರಾ ಒಳ್ಳೆಯದೂ ಬೇಡ, ತೀರಾ ಕಳಪೆಯೂ ಬೇಡ ಎಂದರು.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನನ್ನ ಮನೆಯವರು ಯಾರು? ನೀನು ಒಬ್ಬಳು. ನೀನು ಏನು ಉಣ್ಣುತ್ತೀ, ಏನು ಉಣಿಸುತ್ತೀ? ಹತ್ತು ಜನಕ್ಕೆ ನಮ್ಮ ದಿನದ ಗೋಧಿರವೆಯ ಕುಸ್‌ಕುಸ್ ಹಾಕಿ ಮುಗಿಸಬಹುದು, ಶೇಖ್ ಬೇಡ ಎನ್ನುವುದಿಲ್ಲ. ನಾನು ನಿನ್ನ ಗಂಜಿಯನ್ನೇ ಹಾಕುತ್ತೇನೆ.

ಬರೆದು ಕಳಿಸು, ಏನೂ ಬಿಡದೆ. ಒಂದೇ ತೊಡಕು: ಹತ್ತು ಜನ ಉಂಡು ಏಳುವವರೆಗೆ ನಾನು ಆಣೆಯ ಒಳಗೇ ಇರುವವಳು, ಉಪ್ಪು ನೋಡಲು ಒಂದು ಹನಿಯನ್ನೂ ನಾಲಿಗೆಗೆ ಹಚ್ಚಲಾರೆ. ಅದಕ್ಕೆ ಹೆದರಬೇಡ. ಮೂವತ್ತು ವರ್ಷದ ರಂಜಾನ್ ತಿಂಗಳುಗಳಲ್ಲಿ ಉಪವಾಸವಿದ್ದು, ರುಚಿ ನೋಡದೆ, ಮನೆ ತುಂಬ ಜನಕ್ಕೆ ಅಡುಗೆ ಮಾಡಿದ್ದೇನೆ.

ನಿನ್ನ ತಾಯಿ


ತೂನಿಸ್, ನವೆಂಬರ್ 21

ಅಮ್ಮಾ,

ನಿನ್ನ ಕಾಗದವನ್ನು ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ಅದರ ಬಗ್ಗೆ ಈಗ ಏನೂ ಬರೆಯಲಾರೆ. ಗಂಜಿಯ ಬಗ್ಗೆ ಬರೆಯುತ್ತೇನೆ.

ನನ್ನ ಅಳತೆಗಳೆಲ್ಲ ನಾಲಿಗೆಯವು. ನೀನು ರುಚಿ ನೋಡುವಂತಿಲ್ಲ ಎಂದದ್ದಕ್ಕೆ ಎರಡು ದಿನ ಬಾಯಿಗೆ ಏನೂ ಹಾಕದೆ ಎರಡು ಸಲ ಮಾಡಿದೆ, ಎಲ್ಲವನ್ನೂ ಮೂಗಿಗೂ ಕಿವಿಗೂ ಬದಲಿಸಿದೆ. ಜವೆಗೋಧಿಯನ್ನು ಸಣ್ಣ ಉರಿಯಲ್ಲಿ ಹುರಿ. ಮೊದಲು ಬಿಸಿ ರೊಟ್ಟಿಯ ವಾಸನೆ ಬರುತ್ತದೆ, ನಂಬಬೇಡ. ಆಮೇಲೆ ಕಾಫಿಯ ವಾಸನೆ. ಅದು ಗಂಟಲಿನಲ್ಲಿ ಚುಚ್ಚುವ ಮೊದಲೇ ಇಳಿಸಿ ಒಡೆ. ಅಂಜೂರದ ಪಾಕ ಆಗಿದೆಯೇ ಎಂದು ಕೇಳಿ ತಿಳಿ: ತೆಳ್ಳಗಿರುವಾಗ ಗುಳ್ಳೆ ಬೇಗ ಬೇಗ ಒಡೆಯುತ್ತದೆ, ಹದ ಬಂದಾಗ ಒಂದೊಂದೇ, ಮುದುಕರು ನಿಟ್ಟುಸಿರು ಬಿಟ್ಟ ಹಾಗೆ. ಕುರಿಯ ಬಾಲದ ಕೊಬ್ಬನ್ನು ಕರಗಿಸಿ ಜವೆಯನ್ನು ಅದರಲ್ಲಿ ಮಗುಚು, ನೀರು ಹಾಕು, ಮೆತ್ತಗಾದ ಮೇಲೆ ಪಾಕ. ಉಪ್ಪು ಹಾಕಲೇಬೇಡ, ಹೊಗೆಯಾಡಿಸಿದ ಮೀನಿನಲ್ಲಿ ಇದ್ದಷ್ಟೇ ಉಪ್ಪು. ಮೀನನ್ನು ಕೈಯಲ್ಲಿ ಹರಿದು ಇಳಿಸುವ ಮೊದಲು ಹಾಕಿ ಮುಚ್ಚು. ಮೀನು ನಾನೇ ಕಳಿಸಿದ್ದೇನೆ, ನಿನ್ನ ಕೊಂಬೆಯ ಹೊಗೆಯದು.

ಮುಗಿಯಿತು. ಇದರ ಮೇಲೆ ಬೇರೇನೂ ಇಲ್ಲ. ಏನೂ ಅಂದರೆ ಏನೂ.

ನಿನ್ನ ದುರ್ಸಾಫ್


ಸ್ಫಾಕ್ಸ್, ಡಿಸೆಂಬರ್ 1

ಮಗಳೇ,

ಮೊದಲು ಒಳ್ಳೆಯ ಸುದ್ದಿ: ನಿನ್ನೆ ಹತ್ತು ಜನ ಅಂಗಳದಲ್ಲಿ ಕೂತು ಉಂಡರು. ಶೇಖ್ ಕಳಿಸಿದವರು. ಬಲೆ ಹೊಲಿಯುವ ಮುದುಕ ಸಾಲಿಹ್, ಅವನ ತಮ್ಮ, ಬಂದರಿನ ಹತ್ತಿರದ ಒಬ್ಬ ವಿಧವೆ ಮತ್ತು ಅವಳ ಅತ್ತೆ, ಹೀಗೆ. ಎದುರುಮನೆಯ ಮನ್ನೂಬಿಯಾ ಮಾಳಿಗೆಯಿಂದ ಬಗ್ಗಿ ಒಬ್ಬೊಬ್ಬರನ್ನೂ ಎಣಿಸಿದಳು. ಎಪ್ಪತ್ತು ವರ್ಷವಾದರೂ ಬೀದಿಯ ಒಂದು ಬಾಗಿಲೂ ಅವಳ ಕಣ್ಣು ತಪ್ಪುವುದಿಲ್ಲ.

ರೊಟ್ಟಿಯ ವಾಸನೆಯನ್ನು ನಂಬಲಿಲ್ಲ. ಪಾಕದ ನಿಟ್ಟುಸಿರಿಗೆ ಕಿವಿಗೊಟ್ಟು ಕೂತೆ. ಎಲ್ಲ ನೀನು ಹೇಳಿದಂತೆಯೇ ಆಯಿತು. ಬಡಿಸಿದೆ. ಸಾಲಿಹ್ ಎರಡು ತುತ್ತು ಉಂಡು ತಲೆಯಾಡಿಸಿ, "ಹೊಸ ಅಡಿಗೆ ಅಂದ್ರಲ್ಲ ಟೀಚರಮ್ಮ, ಇದು ಥೇಟ್ ನಮ್ಮ ಮನೇದೇ" ಎಂದ.

ಹಿಗ್ಗಿದೆ. ಬೋಗುಣಿಗಳನ್ನು ಎತ್ತಿಕೊಂಡು ಒಳಗೆ ಬರುವಾಗ ಅನುಮಾನ ಬಂತು. ಅವನ ಮನೆಯದು ಹೇಗಾದೀತು? ಆ ನಾಡಿಗೂ ಅವನ ಮನೆಗೂ ಏನು ಸಂಬಂಧ? ಸೌಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಸಿರು ಹೊಳಪು. ಆಲಿವ್ ಎಣ್ಣೆಯ ಡಬ್ಬಿ ಒಲೆಯ ಪಕ್ಕ ಮುಚ್ಚಳ ತೆಗೆದು ನಿಂತಿತ್ತು.

ಯಾವಾಗ ಸುರಿದೆನೋ ದೇವರಾಣೆಗೂ (ಇದು ಹೊಸ ಆಣೆ, ಲೆಕ್ಕಕ್ಕಿಲ್ಲ) ನೆನಪಿಲ್ಲ. ಇಳಿಸುವ ಮುನ್ನ ಪಾತ್ರೆಯ ಮೇಲೆ ಒಂದು ಸುತ್ತು ಎಣ್ಣೆ. ನನ್ನಮ್ಮ ಹಾಗೆ, ಅವಳಮ್ಮ ಹಾಗೆ. ಕೈ ನನ್ನನ್ನು ಕೇಳಲಿಲ್ಲ. ನೀನು "ಏನೂ ಅಂದರೆ ಏನೂ" ಎಂದು ಬರೆದ ಹಾಳೆ ಗೋಡೆಗೆ ಅಂಟಿಸಿಯೇ ಇತ್ತು.

ಶೇಖ್ ಅವರ ಬಳಿ ಓಡಿದೆ. ಅವರಿಗೆ ನಗು ತಡೆಯಲಾಗಲಿಲ್ಲ. ಹತ್ತು ಜನ ಹೊಟ್ಟೆ ತುಂಬ ಉಂಡಿದ್ದಾರೆ, ಆಣೆ ಕಳೆಯಿತು, ನಿಶ್ಚಿಂತೆಯಿಂದ ಮಗಳ ಮನೆಯಲ್ಲಿ ಉಣ್ಣಿ ಎಂದರು.

ದೇವರ ಕಡೆಯಿಂದ ಬಿಡುಗಡೆಯಾಗಿದೆ, ದುರ್ಸಾಫ್. ನಿನ್ನ ಕಡೆಯಿಂದ ಆಗಿಲ್ಲ. ನಾನು ಅವರಿಗೆ ಉಣಿಸಿದ್ದು ನನ್ನ ಊರಿನ ಅಡುಗೆ, ನಿನ್ನ ನಾಡಿನದಲ್ಲ. ನಿನ್ನ ಇಪ್ಪತ್ತೆರಡು ಪ್ರಯತ್ನದ ಮೇಲೆ ಒಂದು ಸುತ್ತು ಎಣ್ಣೆ ಸುರಿದು ನನ್ನದು ಮಾಡಿಕೊಂಡೆ. ಹಬ್ಬದ ದಿನ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಮತ್ತೆ ಮಾಡುತ್ತೇನೆ. ಅದೇ ಹತ್ತು ಜನಕ್ಕೆ. ಅಲ್ಲಿಯವರೆಗೆ ನಾನು ಬಾಯಿಗೆ ಹಾಕುವುದಿಲ್ಲ.

ಮೀನು ಕಳಿಸು.

ನಿನ್ನ ತಾಯಿ


ತೂನಿಸ್, ಡಿಸೆಂಬರ್ 6

ಅಮ್ಮಾ,

ಶೇಖ್ ಮುಗಿಯಿತು ಎಂದ ಮೇಲೆ ಮುಗಿಯಿತು. ಮತ್ತೆ ಮಾಡಬೇಡ, ಆಯಾಸ ಮಾಡಿಕೊಳ್ಳಬೇಡ, ಸುಮ್ಮನೆ ಬಾ.

ಇಷ್ಟು ಬರೆದು ಬಶೀರನ ವ್ಯಾನಿಗೆ ಕೊಡಲು ಹೊರಟಿದ್ದೆ. ಅರ್ಧ ದಾರಿಯಿಂದ ತಿರುಗಿ ಬಂದು ಮೀನು ಕಟ್ಟಿದೆ. ಯಾಕೆಂದರೆ ನಾನಾಗಿದ್ದರೂ ಮತ್ತೆ ಮಾಡುತ್ತಿದ್ದೆ.

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹಲ್ಲಿನ ಡಾಕ್ಟರ್ ಕೂಡ ಇದ್ದರು. "ನಿಮ್ಮ ನಿಯಮ ಎಲ್ಲಿಂದ ಬಂತು ಅಂತ ಕೇಳ್ತಾನೇ ಇದ್ದೆ. ಅಮ್ಮನಿಂದ ಅಂತ ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದರು.

ನಿನ್ನ ದುರ್ಸಾಫ್


ಸ್ಫಾಕ್ಸ್, ಡಿಸೆಂಬರ್ 20

ಮಗಳೇ,

ಈ ಕಾಗದವನ್ನು ಬಶೀರನ ಕೈಗೆ ಕೊಡುವುದಿಲ್ಲ. ಅವನ ವ್ಯಾನಿನಲ್ಲಿ ನಾನೇ ಕೂತು ತರುತ್ತೇನೆ. ನಾಳೆ ಬೆಳಿಗ್ಗೆ ಮೊದಲ ಸೀಟು ಹಿಡಿದಿಡಲು ಹೇಳಿದ್ದೇನೆ. ಎದುರಿಗೆ ಸಿಕ್ಕಾಗ ನಮ್ಮಿಬ್ಬರಿಗೂ ಮಾತು ಬರುವುದಿಲ್ಲ, ಅದಕ್ಕೆ ಬರೆದಿಡುತ್ತಿದ್ದೇನೆ.

ಇಂದು ಅದೇ ಹತ್ತು ಜನ ಬಂದರು. ಎಣ್ಣೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇಳಿಸುವ ಹೊತ್ತಿಗೆ ಬಲಗೈ ಅದು ಇರುತ್ತಿದ್ದ ಜಾಗಕ್ಕೆ ತಾನಾಗಿ ಹೋಗಿ ಬರಿಗೈಯಲ್ಲಿ ಬಂತು. ಗಂಜಿ ಪಾತ್ರೆಯಲ್ಲಿ ಅಲುಗದೆ, ಕಪ್ಪಗೆ, ಹೊಳಪಿಲ್ಲದೆ ಕೂತಿತ್ತು. ಯಾರೂ ಇಣುಕದ ಹಳೆಯ ಬಾವಿಯ ಹಾಗೆ. ನನಗೆ ಅದರ ಪರಿಚಯವೇ ಇಲ್ಲ ಎನಿಸಿತು. ಹೆದರಿಕೆಯೂ ಆಯಿತು.

ಸಾಲಿಹ್ ಮೊದಲ ತುತ್ತಿಗೆ ತಲೆ ಎತ್ತಲಿಲ್ಲ. ಎರಡನೆಯದಕ್ಕೂ ಎತ್ತಲಿಲ್ಲ. ನಾನು ಕಂಬ ಹಿಡಿದು ನಿಂತಿದ್ದೆ. ಬೋಗುಣಿಯ ತಳ ಕೆರೆದ ಮೇಲೆ, "ಇದು ನಮ್ಮದಲ್ಲ" ಎಂದ. ಆಮೇಲೆ ಬೋಗುಣಿಯನ್ನು ನನ್ನ ಕಡೆಗೆ ಚಾಚಿ, "ಇನ್ನೊಂಚೂರು ಹಾಕಿ" ಎಂದ.

ಮಗಳೇ, ತರಗತಿಯಲ್ಲಿ ಹುಡುಗಿಯೊಬ್ಬಳು ಸಾಲಿಗೆ ನಾನೂ ಯೋಚಿಸದ ಅರ್ಥ ಹೇಳಿದಾಗ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತೇನೆ, ಮುಖ ಕಾಣದಿರಲಿ ಎಂದು. ಇಂದು ತಿರುಗಲು ಬೋರ್ಡು ಇರಲಿಲ್ಲ. ಹತ್ತು ಜನರೂ ನೋಡಿದರು. ನೋಡಲಿ.

ತೌಫೀಕ್‌ಗೆ ಫೋನ್ ಮಾಡಿ, ನಾಳೆ ಮಗಳ ಕೈಯ ಊಟಕ್ಕೆ ಹೋಗುತ್ತಿದ್ದೇನೆ, ಅದಕ್ಕಾಗಿ ಎರಡು ಸಲ ಹತ್ತು ಜನಕ್ಕೆ ಉಣಿಸಿದೆ ಎಂದು ಹೇಳಿದೆ. ಒಂದು ಸಲ ಸಾಕಲ್ಲ, ಎರಡು ಸಲ ಯಾಕೆ ಎಂದ. ನನ್ನ ಮಗಳ ನಿಯಮ ಶೇಖ್ ಅವರದ್ದಕ್ಕಿಂತ ಬಿಗಿ ಎಂದೆ. ಹಬ್ಬದಲ್ಲಿ ನಕ್ಕವನು ಈಗ ನಗಲಿಲ್ಲ. ತನಗೂ ಒಂದು ಕುರ್ಚಿ ಸಿಗುತ್ತದೆಯೇ ಎಂದು ಕೇಳಿದ. ಈ ಸಲ ಇಲ್ಲ ಎಂದೆ, ನಿನ್ನನ್ನು ಕೇಳದೆಯೇ.

ಪಾತ್ರೆಯಲ್ಲಿ ಎರಡು ಸೌಟು ಉಳಿದಿತ್ತು. ಈಗ ನನ್ನನ್ನು ತಡೆಯುವುದು ಯಾವುದೂ ಇಲ್ಲ, ಆದರೂ ಮುಟ್ಟಲಿಲ್ಲ. ನನ್ನ ಮೊದಲ ತುತ್ತು ನಿನ್ನ ಮೇಜಿನ ಮೇಲೆ, ನೀನು ಎದುರಿಗೆ ನಿಂತಿರುವಾಗ. ಉಳಿದದ್ದನ್ನು ಮನ್ನೂಬಿಯಾಗೆ ಕಳಿಸಿದೆ. ವಾಸನೆ ಬೀದಿ ದಾಟಿದ ಮೇಲೆ ಎದುರುಮನೆಗೆ ಕೊಡದೆ ಇರಲಾಗುವುದಿಲ್ಲ.

ಆ ಕುರ್ಚಿಗೆ ಹೆಸರು ಬರೆ. ಪೂರ್ತಿ ಬರೆ: ದುರ್ಸಾಫ್‌ಳ ತಾಯಿ ಜಲೀಲಾ.

ನಿನ್ನ
ಅಮ್ಮ

ಮಡಿಸಿದ್ದನ್ನು ಮತ್ತೆ ಬಿಚ್ಚಿ ಇಷ್ಟು ಸೇರಿಸುತ್ತಿದ್ದೇನೆ. ಈಗಷ್ಟೇ ಮನ್ನೂಬಿಯಾ ತೊಳೆದ ಬೋಗುಣಿ ಹಿಡಿದು ಬಾಗಿಲಿಗೆ ಬಂದಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ. ಇದು ಯಾವ ಊರಿನ ಅಡುಗೆ, ಎಪ್ಪತ್ತು ವರ್ಷದಲ್ಲಿ ನಾನು ಉಂಡಿಲ್ಲ ಎಂದು ಕೇಳಿದಳು. ಅದು ಭೂಮಿಯ ಮೇಲೆ ಎಲ್ಲೂ ಇಲ್ಲದ ಊರು, ಆಟದೊಳಗಿನದು, ನನ್ನ ಮಗಳು ಅಲ್ಲಿಂದ ತಂದಳು ಎಂದೆ. ಅವಳು ನನ್ನ ಹಿಂದೆ ಕಟ್ಟಿಟ್ಟಿದ್ದ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು, ಬೋಗುಣಿಯನ್ನು ಕೈಗಿಟ್ಟಳು.

"ಇಲ್ಲದ ಊರಿಂದ ಅವಳು ಇಷ್ಟೆಲ್ಲ ಹೊತ್ಕೊಂಡು ಬಂದಿದ್ದಾಳೆ" ಎಂದಳು. "ಇರೋ ಊರಿಗೆ ಹೋಗೋಕೆ ನಿನಗೆ ಎಂಟು ತಿಂಗಳು ಬೇಕಾಯ್ತಲ್ಲೇ ಜಲೀಲಾ."